ಹೊಸ ಕಾರು: ಶಿರಸಿಯಲ್ಲೇ ಕೊಳ್ಳೋದಾ, ಹುಬ್ಬಳ್ಳಿಗೆ ಹೋಗೋದಾ, ಗೋವಾಕ್ಕೆ ದಾಟೋದಾ?

ಅಡಿಕೆ ಕೊಯ್ಲು ಮುಗಿದು ಸೊಸೈಟಿಯಲ್ಲಿ ವ್ಯಾಪಾರ ಚುರುಕಾದರೆ ಸಾಕು, ನನಗೆ ಒಂದೇ ತರಹದ ಫೋನ್‌ಗಳು ಬರುತ್ತವೆ. "ಹುಬ್ಬಳ್ಳಿಯಲ್ಲಿ 25 ಸಾವಿರ ಕಮ್ಮಿಗೆ ಕೊಡ್ತಾರಂತೆ, ಹೋಗಿ ಬರೋದಾ?" ಅಂತ ಶಿರಸಿಯವರು ಕೇಳುತ್ತಾರೆ. ಕಾರವಾರದವರಿಗೆ ಮಡಗಾಂವ್ ಹತ್ತಿರ, ಹಾಗಾಗಿ ಅವರ ಪ್ರಶ್ನೆ ಗೋವಾದ ಬಗ್ಗೆ. ಭಟ್ಕಳದವರು ಮಂಗಳೂರಿನ ಕಡೆ ನೋಡುತ್ತಾರೆ. ಎಲ್ಲರೂ ತಿಳಿಯಬೇಕೆಂದಿರುವುದು ಒಂದೇ: ಸರಿಯಾದ ಬೆಲೆಗೆ ಕಾರು ಎಲ್ಲಿ ಸಿಗುತ್ತದೆ?

ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೆ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು ಯಾವುದು ಅಂತ ನೋಡೋಣ. ನನ್ನ ಲೆಕ್ಕದಲ್ಲಿ ನಾಲ್ಕಿವೆ. ಮೊದಲನೆಯದು, ಕಾರು ಮನೆ ಅಂಗಳಕ್ಕೆ ಬರುವಷ್ಟರಲ್ಲಿ ಕೈಯಿಂದ ಹೋಗುವ ಒಟ್ಟು ದುಡ್ಡು. ಡಿಸ್ಕೌಂಟ್ ಎಷ್ಟು ಎನ್ನುವುದಲ್ಲ, ಒಟ್ಟು ಎಷ್ಟು ಎನ್ನುವುದು. ಎರಡನೆಯದು, ಕೊಡುತ್ತಿರುವ ಕಾರು ಯಾವ ತಿಂಗಳಲ್ಲಿ ತಯಾರಾಗಿದ್ದು. ಮೂರನೆಯದು, ನೋಂದಣಿ ಮತ್ತು ಕಾಗದಪತ್ರ. ನಾಲ್ಕನೆಯದು ಓಡಾಟ ಮತ್ತು ಸಮಯ. ಸರ್ವಿಸನ್ನು ನಾನು ಬೇಕೆಂದೇ ಇದರಲ್ಲಿ ಸೇರಿಸಿಲ್ಲ. ಕಾರಿನ ವಾರಂಟಿ ಕೊಡುವುದು ಕಂಪನಿ, ಡೀಲರ್ ಅಲ್ಲ. ಹುಬ್ಬಳ್ಳಿಯಲ್ಲಿ ಕೊಂಡ ಕಾರಿಗೆ ಅದೇ ಕಂಪನಿಯ ಶಿರಸಿ ಸರ್ವಿಸ್ ಸೆಂಟರಿನಲ್ಲಿ ಫ್ರೀ ಸರ್ವಿಸ್ ಮಾಡಿಸಬಹುದು. "ಇಲ್ಲಿ ತಗೊಂಡ್ರೆ ಮಾತ್ರ ಇಲ್ಲಿ ಸರ್ವಿಸ್" ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಆದರೆ ಆ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ಹತ್ತಿರದಲ್ಲಿ ಇದೆಯೋ ಇಲ್ಲವೋ ಅನ್ನುವುದನ್ನು ಕಾರಿನ ಮಾಡೆಲ್ ಆರಿಸುವಾಗಲೇ ನೋಡಿಕೊಳ್ಳಬೇಕು. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿದ್ದು ನೆನಪಿದೆ ಅಲ್ವಾ? ಮಳೆಗಾಲದಲ್ಲಿ ಘಟ್ಟದ ಆಚೆ ಇರುವ ಸರ್ವಿಸ್ ಸೆಂಟರ್ ಇದ್ದೂ ಇಲ್ಲದ ಹಾಗೆ.

ಬೆಲೆಯ ಚೀಟಿಯಲ್ಲಿ ಅಲುಗುವುದು ಯಾವುದು, ಅಲುಗದ್ದು ಯಾವುದು

ತೆರಿಗೆ, ವಿಮೆ ಎಲ್ಲ ಸೇರಿಸಿ ಆನ್‌ರೋಡ್ ಬೆಲೆ ಅಂತ ಒಂದು ದೊಡ್ಡ ಅಂಕಿ ಹೇಳುತ್ತಾರಲ್ಲ, ಅದರೊಳಗೆ ಹತ್ತು ಹನ್ನೆರಡು ಸಾಲುಗಳಿರುತ್ತವೆ. ಕೆಲವು ಸಾಲುಗಳನ್ನು ಎಷ್ಟು ಎಳೆದಾಡಿದರೂ ಬದಲಾಗುವುದಿಲ್ಲ. ಎಕ್ಸ್‌ಶೋರೂಮ್ ಬೆಲೆಯನ್ನು, ಅಂದರೆ ರಸ್ತೆ ತೆರಿಗೆ, ವಿಮೆ ಸೇರುವ ಮುಂಚಿನ ಬೆಲೆಯನ್ನು, ಕಂಪನಿ ಗೊತ್ತುಮಾಡುತ್ತದೆ. ಜಿಎಸ್‌ಟಿ ಅದರೊಳಗೇ ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಅದು ಶೇ. 18, ದೊಡ್ಡವಕ್ಕೆ ಶೇ. 40. ಸಣ್ಣ ಕಾರು ಅಂದರೆ ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು. ಎಲೆಕ್ಟ್ರಿಕ್ ಕಾರಿಗೆ ಶೇ. 5.

ರಸ್ತೆ ತೆರಿಗೆಯೂ ಹಾಗೇ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 14, 10ರಿಂದ 20 ಲಕ್ಷದ್ದಕ್ಕೆ ಶೇ. 17, ಅದರ ಮೇಲೆ ಸೆಸ್. ಶಿರಸಿಯಾದರೂ ಅಷ್ಟೇ, ಹುಬ್ಬಳ್ಳಿಯಾದರೂ ಅಷ್ಟೇ. ಇಲ್ಲಿ ಒಂದು ಮಾತು ಗಮನದಲ್ಲಿಡಿ. 9.80 ಲಕ್ಷದ ಕಾರಿಗೆ ತೆರಿಗೆ 1,37,200 ರೂಪಾಯಿ. "ಇನ್ನೊಂದು 30 ಸಾವಿರ ಹಾಕಿದ್ರೆ ಮೇಲಿನ ವೇರಿಯಂಟ್ ಬರ್ತದೆ ಸಾರ್" ಅಂದಾಗ ನಾವು ಹೂಂ ಅಂದುಬಿಡುತ್ತೇವೆ. 10.10 ಲಕ್ಷಕ್ಕೆ ತೆರಿಗೆ 1,71,700. ಅಂದರೆ 30 ಸಾವಿರದ ಆಸೆಗೆ ಇನ್ನೂ 34,500 ತೆರಿಗೆ, ಸೆಸ್ ಬೇರೆ. 10 ಲಕ್ಷ ದಾಟಿದ ಕೂಡಲೇ ಶೇ. 1 ಟಿಸಿಎಸ್ (ಮಾರುವವರು ನಮ್ಮಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಕಟ್ಟಬೇಕು. ಅದು ಆದಾಯ ತೆರಿಗೆ ರಿಟರ್ನ್ ಹಾಕಿದಾಗ ನಿಮ್ಮ ಲೆಕ್ಕಕ್ಕೆ ಬರುತ್ತದೆ. ರಿಟರ್ನ್ ಹಾಕದವರಿಗೆ ಹೋದ ಹಾಗೆಯೇ.

ಅಲುಗುವ ಸಾಲುಗಳು ಬೇರೆ. ಡಿಸ್ಕೌಂಟ್, ವಿಮೆ, ಆ್ಯಕ್ಸೆಸರಿ ಕಿಟ್, ಎಕ್ಸ್‌ಟೆಂಡೆಡ್ ವಾರಂಟಿ, ಹ್ಯಾಂಡ್ಲಿಂಗ್ ಚಾರ್ಜ್, ಕೋಟಿಂಗ್, ಹಳೇ ಕಾರಿನ ಬೆಲೆ, ಸಾಲದ ಬಡ್ಡಿ. ಚೌಕಾಸಿ ನಡೆಯುವುದೆಲ್ಲ ಇಲ್ಲೇ. ನಾನು ಮೊದಲ ಸಲ ಕಾರು ಕೊಂಡಾಗ ಇದು ಗೊತ್ತಿರಲಿಲ್ಲ. 15 ಸಾವಿರ ಬಿಟ್ಟರು ಅಂತ ಖುಷಿಯಲ್ಲಿ ಸಹಿ ಹಾಕಿ ಬಂದೆ. ರಾತ್ರಿ ಊಟವಾದ ಮೇಲೆ ಹೆಂಡತಿ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. "ಈ ಎಸೆನ್ಷಿಯಲ್ ಕಿಟ್ ಅಂದ್ರೆ ಏನು? 12,900 ಹಾಕಿದ್ದಾರೆ." ಕಾಲುಮ್ಯಾಟು, ಮಡ್‌ಫ್ಲ್ಯಾಪು, ಒಂದು ಕೀಚೈನು, ಸೀಟ್ ಕವರು. ಅದರ ಕೆಳಗೆ ಹ್ಯಾಂಡ್ಲಿಂಗ್ 8,500. ಬಿಟ್ಟಿದ್ದಕ್ಕಿಂತ ಸೇರಿಸಿದ್ದೇ ಜಾಸ್ತಿ. ಆ ಸಂಕಟ ಇನ್ನೊಬ್ಬರಿಗೆ ಆಗಬಾರದು ಅಂತಲೇ ಈ ಸಾಲುಗಳ ಮೇಲೆ ಇಷ್ಟು ಒತ್ತು ಕೊಡುತ್ತಿದ್ದೇನೆ.

ಹ್ಯಾಂಡ್ಲಿಂಗ್ ಚಾರ್ಜ್ ಸರ್ಕಾರಕ್ಕೆ ಹೋಗುವ ದುಡ್ಡಲ್ಲ. ನೇರವಾಗಿ ತೆಗೆಯಿರಿ ಅನ್ನಿ. ಸುರಕ್ಷತಾ ನಂಬರ್ ಪ್ಲೇಟಿಗೆ ಬೇರೆ ದುಡ್ಡು ಹಾಕಿದ್ದರೂ ಕೇಳಿ. 2019ರ ಏಪ್ರಿಲ್‌ನಿಂದ ತಯಾರಾದ ಕಾರುಗಳಿಗೆ ಅದರ ಖರ್ಚು ಕಾರಿನ ಬೆಲೆಯಲ್ಲೇ ಸೇರಿದೆ.

ಭಾವನ ಮೂರು ಚೀಟಿ

ಹೋದ ಸಲ ನಮ್ಮ ಭಾವ ಕಾರು ಕೊಳ್ಳುವಾಗ ಜೊತೆಗೆ ಹೋಗಿದ್ದೆ. ಎಕ್ಸ್‌ಶೋರೂಮ್ 8.60 ಲಕ್ಷದ ಪೆಟ್ರೋಲ್ ಕಾರು. ಶಿರಸಿಯ ಶೋರೂಮ್ 20 ಸಾವಿರ ಡಿಸ್ಕೌಂಟ್ ಅಂದಿತು. ಹುಬ್ಬಳ್ಳಿಯವರು 45 ಸಾವಿರ ಅಂದರು. ಭಾವ ಆಗಲೇ ಹುಬ್ಬಳ್ಳಿಗೆ ಹೊರಟು ನಿಂತಿದ್ದ. ಎರಡೂ ಕಡೆಯಿಂದ ಸಾಲು ಸಾಲಾಗಿ ಬಿಡಿಸಿದ ಕೊಟೇಶನ್ ತರಿಸಿ, ಅಡುಗೆಮನೆಯ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆವು. ಎರಡರಲ್ಲೂ ಒಂದೇ ಇದ್ದ ಸಾಲುಗಳನ್ನು ಪೆನ್ಸಿಲ್‌ನಲ್ಲಿ ಹೊಡೆದು ಹಾಕಿದೆವು. ಶಿರಸಿಯದರಲ್ಲಿ ಉಳಿದದ್ದು ವಿಮೆ 41,000, ಕಿಟ್ 6,000. ಡಿಸ್ಕೌಂಟ್ ಕಳೆದರೆ 27,000. ಹುಬ್ಬಳ್ಳಿಯದರಲ್ಲಿ ವಿಮೆ 52,000, ಕಿಟ್ 11,500, ಹ್ಯಾಂಡ್ಲಿಂಗ್ 7,500. ಡಿಸ್ಕೌಂಟ್ ಕಳೆದರೆ 26,000.

25 ಸಾವಿರ ಅಂದುಕೊಂಡಿದ್ದ ವ್ಯತ್ಯಾಸ ಒಂದು ಸಾವಿರಕ್ಕೆ ಇಳಿಯಿತು!

ಆಮೇಲೆ ಮೂರನೇ ಚೀಟಿ ತಂದೆವು, ಅದು ವಿಮೆಯದ್ದು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ. ಅದರ ದರ ಎಲ್ಲ ಕಂಪನಿಗೂ ಒಂದೇ. ನಮ್ಮ ಕಾರಿಗೇ ಆಗುವ ಹಾನಿಯ ವಿಮೆಯ ದರ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಅದನ್ನು ಡೀಲರ್ ಹತ್ತಿರವೇ ತಗೋಬೇಕು ಅಂತ ಯಾವ ನಿಯಮವೂ ಇಲ್ಲ. ಅಷ್ಟೇ ಐಡಿವಿ (ಕಾರು ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಸಿಗುವ ಮೊತ್ತ), ಅದೇ ಜೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಸೌಲಭ್ಯ) ಇಟ್ಟು ಹೊರಗೆ ಕೇಳಿದರೆ ಭಾವನಿಗೆ 36,500ಕ್ಕೆ ಬಂತು. ಹೊಸ ಕಾರಿಗೆ ಐಡಿವಿ ಎಕ್ಸ್‌ಶೋರೂಮ್ ಬೆಲೆಯ ಶೇ. 95 ಇರಬೇಕು. ಅದನ್ನು ಇಳಿಸಿ ಪ್ರೀಮಿಯಂ ಕಮ್ಮಿ ತೋರಿಸುವುದೂ ಉಂಟು, ನೋಡಿಕೊಳ್ಳಿ. ಹಳೇ ಕಾರಿನಲ್ಲಿ ಕ್ಲೇಮ್ ಮಾಡದೆ ಗಳಿಸಿದ ಬೋನಸ್ ಇದ್ದರೆ, ಶೇ. 50ರವರೆಗೆ, ಅದನ್ನು ಹೊಸ ಕಾರಿಗೆ ತರಬಹುದು. ಬೋನಸ್ ಕಾರಿನದಲ್ಲ, ನಿಮ್ಮದು.

ವಿಮೆ ಹೊರಗೆ ಮಾಡಿಸುತ್ತೇವೆ, ಕಿಟ್ ಬೇಡ ಅಂದ ಕೂಡಲೇ ಹುಬ್ಬಳ್ಳಿಯವರ ಡಿಸ್ಕೌಂಟ್ 38 ಸಾವಿರಕ್ಕೆ ಇಳಿಯಿತು, ಹ್ಯಾಂಡ್ಲಿಂಗ್ ತೆಗೆದರು. ಶಿರಸಿಯವರು ನಮ್ಮ ಕೈಯಲ್ಲಿದ್ದ ಚೀಟಿ ನೋಡಿ 28 ಸಾವಿರಕ್ಕೆ ಬಂದರು. ಕೊನೆಗೆ ಉಳಿದದ್ದು 10 ಸಾವಿರದ ವ್ಯತ್ಯಾಸ. ಭಾವ ಶಿರಸಿಯಲ್ಲೇ ಕೊಂಡ. ಹುಬ್ಬಳ್ಳಿಗೆ ಒಂದು ಕಡೆಗೇ ಸುಮಾರು 100 ಕಿ.ಮೀ. ಬುಕಿಂಗ್, ಕಾರು ನೋಡುವುದು, ಡೆಲಿವರಿ ಅಂತ ಮೂರು ಸಲವಾದರೂ ಹೋಗಬೇಕು. ಅವನಿಗೆ ಆಗ ತೋಟದಲ್ಲಿ ಕೆಲಸ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಆದರೆ ನಿಮ್ಮ ಮಗ ಹುಬ್ಬಳ್ಳಿಯಲ್ಲೇ ಕೆಲಸದಲ್ಲಿದ್ದರೆ, ಅಥವಾ ವ್ಯತ್ಯಾಸ 20 ಸಾವಿರ ದಾಟಿದರೆ, ಹುಬ್ಬಳ್ಳಿಗೇ ಹೋಗಿ. ಅಲ್ಲಿ ಒಂದೇ ಕಂಪನಿಗೆ ಇಬ್ಬರು ಡೀಲರ್‌ಗಳಿದ್ದರೆ ಸ್ಪರ್ಧೆ ಇರುತ್ತದೆ, ಬಣ್ಣ ಮತ್ತು ವೇರಿಯಂಟ್ ಸ್ಟಾಕಿನಲ್ಲಿ ಇರುವ ಸಾಧ್ಯತೆಯೂ ಜಾಸ್ತಿ. ನಂಬರ್ ಶಿರಸಿಯ ಕೆಎ 31 ಬೇಕೋ ಬೇರೆಯೋ ಅಂತ ಬುಕಿಂಗ್ ಮಾಡುವಾಗಲೇ ಹೇಳಿ. ನಿಮ್ಮ ವಿಳಾಸದ ದಾಖಲೆ ಯಾವ ಆರ್‌ಟಿಒ ವ್ಯಾಪ್ತಿಯದೋ ಅಲ್ಲೇ ನೋಂದಣಿ ಮಾಡಿಸಿದರೆ ಮುಂದೆ ತಲೆನೋವಿಲ್ಲ.

ಎಷ್ಟೋ ಸಲ ನಮ್ಮೂರಿನ ಶೋರೂಮ್ ದೊಡ್ಡ ಊರಿನ ಡೀಲರ್‌ನದೇ ಶಾಖೆಯಾಗಿರುತ್ತದೆ. ಹಾಗಿದ್ದರೆ ಎರಡು ಕಡೆಯ ಕೊಟೇಶನ್ ತಂದರೂ ಒಬ್ಬರನ್ನೇ ಎರಡು ಸಲ ಕೇಳಿದ ಹಾಗೆ. ರಸೀದಿಯ ಮೇಲಿನ ಹೆಸರು ನೋಡಿ.

ಕಾರವಾರದವರ ಗೋವಾ ಪ್ರಶ್ನೆ

ಗೋವಾದ ಡೀಲರ್ ಹತ್ತಿರ ಕಾರು ಕೊಂಡು, ತಾತ್ಕಾಲಿಕ ನೋಂದಣಿಯಲ್ಲಿ ತಂದು, ಕಾರವಾರದಲ್ಲಿ ಕೆಎ 30 ನಂಬರ್ ಮಾಡಿಸಿಕೊಂಡರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಆಗ ಕಟ್ಟುವುದು ಕರ್ನಾಟಕದ ತೆರಿಗೆಯೇ. ಉಳಿತಾಯ ಡೀಲರ್ ಬಿಡುವ ಡಿಸ್ಕೌಂಟಿನಲ್ಲಿ ಮಾತ್ರ. ಓಡಾಟ ನಿಮ್ಮದೇ.

ಹೆಚ್ಚಿನವರು ಕೇಳುವುದು ಇದನ್ನಲ್ಲ ಅಂತ ಗೊತ್ತು. "ಅಲ್ಲಿ ತೆರಿಗೆ ಕಮ್ಮಿ, ಕಾಣಕೋಣದಲ್ಲಿ ಮಾವನ ಮನೆ ಇದೆ, ಅವರ ವಿಳಾಸಕ್ಕೆ ಮಾಡಿಸೋದಾ?" ಬೇಡ. ಕಾನೂನಿನ ಪ್ರಕಾರ ನಾವು ವಾಸ ಇರುವ, ಕಾರು ಇಡುವ ರಾಜ್ಯದಲ್ಲೇ ನೋಂದಣಿ ಆಗಬೇಕು. ಬೇರೆ ರಾಜ್ಯದ ಕಾರನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರಿಗೆ ಬದಲಾಯಿಸಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ದಿನಾ ಸದಾಶಿವಗಡದಿಂದ ಕಾರವಾರಕ್ಕೆ ಓಡಾಡುವವರು ಜಿಎ ನಂಬರ್ ಇಟ್ಟುಕೊಂಡು ಎಷ್ಟು ದಿನ ಅಳುಕುತ್ತ ಇರೋದು? ಮಾರುವಾಗಲೂ ಅದೇ ತೊಡಕು.

ಕಾರವಾರದಲ್ಲಿ ಇನ್ನೊಂದು ಗುಂಪಿದೆ, ಅವರ ಲೆಕ್ಕವೇ ಬೇರೆ. ನೌಕಾನೆಲೆಯಲ್ಲೋ ಕೈಗಾದಲ್ಲೋ ಕೆಲಸ ಮಾಡುವ, ಯಾವಾಗ ಬೇಕಾದರೂ ವರ್ಗವಾಗುವ ನೌಕರರು. ಅವರು ಬಿಎಚ್ ನಂಬರಿನ ಬಗ್ಗೆ ಕೇಳಬೇಕು. 2021ರಲ್ಲಿ ಬಂದ ವ್ಯವಸ್ಥೆ ಇದು. ತೆರಿಗೆಯನ್ನು ಒಮ್ಮೆಗೇ ಕಟ್ಟದೆ ಎರಡೆರಡು ವರ್ಷಕ್ಕೆ ಕಟ್ಟಬಹುದು, ರಾಜ್ಯ ಬದಲಾದರೆ ನಂಬರ್ ಬದಲಾಯಿಸಬೇಕಿಲ್ಲ. ಸೇನೆಯವರಿಗೆ ಸಿಎಸ್‌ಡಿ ಕ್ಯಾಂಟೀನ್ ಮೂಲಕವೂ ಕಾರು ಸಿಗುತ್ತದೆ. ಅಲ್ಲಿನ ಬೆಲೆ ನೋಡದೆ ಶೋರೂಮಿನಲ್ಲಿ ಚೌಕಾಸಿಗೆ ಕೂರಬೇಡಿ.

ಭಟ್ಕಳ, ಹೊನ್ನಾವರದವರಿಗೆ ಉಡುಪಿ ಮತ್ತು ಮಂಗಳೂರು. ಸಿದ್ದಾಪುರದವರಿಗೆ ಶಿವಮೊಗ್ಗ. ಲೆಕ್ಕ ಹುಬ್ಬಳ್ಳಿಯದ್ದೇ, ದಾರಿಯ ವ್ಯತ್ಯಾಸ ಅಷ್ಟೇ.

ಡಿಸೆಂಬರ್ ಕಾರೋ, ದಸರಾ ಕಾರೋ

ಆಯುಧಪೂಜೆ, ದೀಪಾವಳಿಗೆ ಎಲ್ಲರಿಗೂ ಕಾರು ಬೇಕು. ಕಂಪನಿಗಳು ಆಫರ್ ಬಿಡುತ್ತವೆ ನಿಜ, ಆದರೆ ಓಡುವ ಮಾಡೆಲ್‌ಗಳಿಗೆ ಡೀಲರ್ ತನ್ನ ಕೈಯಿಂದ ಏನೂ ಬಿಡುವುದಿಲ್ಲ, ಬಿಡುವ ಅಗತ್ಯವೂ ಇರುವುದಿಲ್ಲ. ಆಷಾಢದಲ್ಲಿ ಶೋರೂಮ್ ಖಾಲಿ. ಕೂತು ಮಾತಾಡಲು ಅದು ಒಳ್ಳೆಯ ಸಮಯ. ಆಷಾಢದಲ್ಲಿ ಮಾತು ಮುಗಿಸಿ, ಶ್ರಾವಣದಲ್ಲಿ ಡೆಲಿವರಿ ತಗೊಳ್ಳುವವರು ಇದ್ದಾರೆ. ನನಗೆ ಅದು ಜಾಣತನವಾಗಿ ಕಾಣುತ್ತದೆ. ತಿಂಗಳ ಕೊನೆ ಮತ್ತು ಮಾರ್ಚ್ ಕೊನೆಯಲ್ಲಿ ಅವರಿಗೆ ಟಾರ್ಗೆಟ್ ಇರುತ್ತದೆ.

ಡಿಸೆಂಬರಿನಲ್ಲಿ ಬಿಡುವಷ್ಟು ಬೇರೆ ಯಾವಾಗಲೂ ಬಿಡುವುದಿಲ್ಲ. ಯಾಕೆಂದರೆ ಜನವರಿ ಬಂದರೆ ಅದೇ ಕಾರು ಒಂದು ವರ್ಷ ಹಳೆಯದಾಗಿ ಕಾಣುತ್ತದೆ. ನೀವು ಹತ್ತು ವರ್ಷ ಓಡಿಸುವವರಾದರೆ ಧೈರ್ಯವಾಗಿ ತಗೊಳ್ಳಿ. ನಾಲ್ಕೈದು ವರ್ಷಕ್ಕೆ ಬದಲಾಯಿಸುವವರಾದರೆ ಈಗ ಉಳಿದ ದುಡ್ಡು ಮಾರುವಾಗ ಹೋಗುತ್ತದೆ.

ಸ್ಟಾಕಿನಲ್ಲಿದ್ದ ಕಾರು ಅಂದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ನಮ್ಮ ಕಡೆ ಮಳೆಗಾಲ ಕಳೆದ ಕಾರಿಗೆ ಬೇರೆಯೇ ಗುರುತುಗಳಿರುತ್ತವೆ. ಕರಾವಳಿಯ ಒಂದು ಯಾರ್ಡಿನಲ್ಲಿ ಸ್ನೇಹಿತನಿಗಾಗಿ ಕಾರು ನೋಡಲು ಹೋಗಿದ್ದೆ. ಸೀಟಿನ ಪ್ಲಾಸ್ಟಿಕ್ ಹಾಗೇ ಇತ್ತು, ಬಾಗಿಲು ತೆಗೆದರೆ ಒದ್ದೆ ಕಂಬಳಿಯ ವಾಸನೆ. ಸೀಟ್‌ಬೆಲ್ಟನ್ನು ಪೂರ್ತಿ ಎಳೆದೆ. ಒಳಗೆ ಸುತ್ತಿಕೊಂಡಿದ್ದ ಭಾಗದ ಮೇಲೆ ಬಿಳಿ ಬೂಸು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 1424 ಅಂದರೆ 2024ರ 14ನೇ ವಾರ. ಅವನಿಗೆ "ಎರಡು ತಿಂಗಳ ಹಿಂದೆ ಬಂದ ಕಾರು" ಅಂದಿದ್ದರು, ಟೈರು ಎಂಟು ತಿಂಗಳ ಕಥೆ ಹೇಳುತ್ತಿತ್ತು. ನಾವು ಆ ಕಾರು ಬೇಡ ಅಂದೆವು. ಹದಿನೈದು ದಿನದಲ್ಲಿ ಬೇರೆ ಕಾರು ತರಿಸಿಕೊಟ್ಟರು, ಡಿಸ್ಕೌಂಟ್ ಕೂಡ ಅಷ್ಟೇ ಇತ್ತು.

ಸಾಲ ಮತ್ತು ಹಳೇ ಕಾರು

"ನಮ್ಮಲ್ಲೇ ಲೋನ್ ಮಾಡಿಸಿದ್ರೆ 20 ಸಾವಿರ ಎಕ್ಸ್‌ಟ್ರಾ ಡಿಸ್ಕೌಂಟ್" ಅಂತಾರೆ. 7 ಲಕ್ಷ ಸಾಲ, ಐದು ವರ್ಷ ಅಂತ ಇಟ್ಟುಕೊಳ್ಳಿ. ಶೇ. 9 ಬಡ್ಡಿಗೆ ತಿಂಗಳ ಕಂತು ಸುಮಾರು 14,530. ಶೇ. 10ಕ್ಕೆ ಸುಮಾರು 14,870. ತಿಂಗಳಿಗೆ 340 ಏನು ಮಹಾ ಅನಿಸುತ್ತದೆ. 60 ತಿಂಗಳಿಗೆ 20 ಸಾವಿರ ದಾಟುತ್ತದೆ. ಅಂದರೆ ಒಂದು ಪರ್ಸೆಂಟ್ ಜಾಸ್ತಿ ಬಡ್ಡಿಯಲ್ಲಿ ಅವರು ಬಿಟ್ಟ ದುಡ್ಡೆಲ್ಲ ವಾಪಸ್ ಹೋಯಿತು. ಫ್ಲಾಟ್ ರೇಟ್ (ತೀರಿಸಿದ್ದನ್ನು ಕಳೆಯದೆ ಕೊನೆಯವರೆಗೂ ಪೂರ್ತಿ ಸಾಲಕ್ಕೇ ಬಡ್ಡಿ) ಅಂದರಂತೂ ಇನ್ನೂ ಎಚ್ಚರ ಬೇಕು. ಅದೇ ಸಾಲಕ್ಕೆ ಶೇ. 6 ಫ್ಲಾಟ್ ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಶೇ. 10.85. ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಬಡ್ಡಿ, ಪ್ರೊಸೆಸಿಂಗ್ ಫೀ, ಮೊದಲೇ ತೀರಿಸಿದರೆ ದಂಡ ಎಷ್ಟು ಅಂತ ಬರೆಸಿಕೊಂಡು ಆಮೇಲೆ ಶೋರೂಮಿಗೆ ಹೋಗಿ. ಅಡಿಕೆ ದುಡ್ಡು ಬಂದಾಗ ಒಟ್ಟಿಗೆ ಕಟ್ಟುವ ಯೋಚನೆ ಇರುವವರಿಗೆ ಆ ಕೊನೆಯ ಪ್ರಶ್ನೆಯೇ ಮುಖ್ಯ. ಡೀಲರ್ ಕೊಡುವ ಬಡ್ಡಿ ಅದಕ್ಕಿಂತ ಕಮ್ಮಿಯಾದರೆ ಸಂತೋಷವಾಗಿ ಅಲ್ಲೇ ಮಾಡಿಸಿ.

ಹಳೇ ಕಾರನ್ನು ಹೊರಗೆ ಮಾರಿದರೆ ಸಾಮಾನ್ಯವಾಗಿ ದುಡ್ಡು ಜಾಸ್ತಿ. ಆದರೆ ಫಾರಂ 29, 30 ಹಾಕಿ ಹೆಸರು ಬದಲಾಗುವವರೆಗೆ ಆ ಕಾರಿನ ಜವಾಬ್ದಾರಿ ನಿಮ್ಮ ತಲೆಯ ಮೇಲೆಯೇ. ಅಲೆದಾಟ ಆಗದ ಹಿರಿಯರಿಗೆ ಎಕ್ಸ್‌ಚೇಂಜ್ ಒಳ್ಳೆಯದು. ಏನೇ ಆಗಲಿ, ಹೊಸ ಕಾರಿನ ಬೆಲೆ ಬರಹದಲ್ಲಿ ಸಿಗುವವರೆಗೆ ಹಳೇ ಕಾರಿನ ಮಾತು ಎತ್ತಬೇಡಿ. ಎರಡನ್ನೂ ಒಟ್ಟಿಗೆ ಇಟ್ಟರೆ ಇಲ್ಲಿ ಏರಿಸಿ ಅಲ್ಲಿ ಇಳಿಸುತ್ತಾರೆ, ನಮಗೆ ಗೊತ್ತೇ ಆಗುವುದಿಲ್ಲ.

ದಾಕ್ಷಿಣ್ಯದ ವಿಷಯ

ನಮ್ಮ ಕಡೆಯ ನಿಜವಾದ ಕಷ್ಟ ಇದು. ಶೋರೂಮಿನಲ್ಲಿ ಎದುರಿಗೆ ಕೂತವನು ಪಕ್ಕದೂರಿನ ಹುಡುಗ, ಅವನ ಅಪ್ಪ ನಮಗೆ ಪರಿಚಯ. ಕಾಫಿ ತರಿಸಿಕೊಡುತ್ತಾನೆ. ಹೇಗೆ ಚೌಕಾಸಿ ಮಾಡೋದು? ನಾನು ಹೇಳುವುದು ಹೀಗೆ. ಅವನಿಗೆ ನೇರವಾಗಿ ಹೇಳಿ: "ತಮಾ, ನಿನ್ನ ಹತ್ರನೇ ತಗೊಳ್ಳೋ ಮನಸ್ಸಿದೆ. ಪ್ರತಿ ಸಾಲೂ ಬಿಡಿಸಿ ಬರೆದು ಕೊಡು, ಮನೆಯಲ್ಲಿ ನೋಡಿ ನಾಡಿದ್ದು ಬರ್ತೇನೆ." ಸುಳ್ಳು ಕೊಟೇಶನ್ ಹೇಳಬೇಡಿ, ಅವರಿಗೆ ಮಾರುಕಟ್ಟೆ ನಮಗಿಂತ ಚೆನ್ನಾಗಿ ಗೊತ್ತು. ದುಡ್ಡಿನಲ್ಲಿ ಬಿಡಲು ಅವನ ಕೈಯಲ್ಲಿ ಆಗದಿದ್ದರೆ ಮ್ಯಾನೇಜರನ್ನು ಕರೆಸಲು ಹೇಳಿ. ಅದು ಅವನಿಗೆ ಅವಮಾನವಲ್ಲ, ಅವನಿಗೂ ಆ ಕಾರು ಮಾರಬೇಕಿರುತ್ತದೆ.

ಇಡಗುಂಜಿಯಲ್ಲೋ ಮಾರಿಕಾಂಬಾ ದೇವಸ್ಥಾನದಲ್ಲೋ ಪೂಜೆ ಮಾಡಿಸುವ ದಿನವನ್ನು ಬೆಲೆ ಮುಗಿಯುವ ಮೊದಲೇ ಅವರ ಎದುರು ಹೇಳಿಬಿಡುವುದು ನಾವು ಮಾಡುವ ದೊಡ್ಡ ತಪ್ಪು. ಮುಹೂರ್ತ ಹತ್ತಿರ ಬಂದಂತೆ ನಾವೇ ಎಲ್ಲದಕ್ಕೂ ಹೂಂ ಅನ್ನುತ್ತೇವೆ. ಬೆಲೆ ಮೊದಲು, ಮುಹೂರ್ತ ಆಮೇಲೆ.

ಬುಕಿಂಗ್ ದುಡ್ಡು ಕೊಡುವಾಗ ರಸೀದಿಯಲ್ಲಿ ವೇರಿಯಂಟ್, ಬಣ್ಣ, ಒಪ್ಪಿದ ಒಟ್ಟು ಬೆಲೆ, ಬೇಡವಾದರೆ ಎಷ್ಟು ವಾಪಸ್ ಅನ್ನುವುದನ್ನು ಬರೆಸಿ. ದುಡ್ಡು ಡೀಲರ್‌ನ ಖಾತೆಗೇ ಹೋಗಲಿ, ಯಾರ ಸ್ವಂತ ನಂಬರಿಗೂ ಹಾಕಬೇಡಿ. ಉಳಿದದ್ದನ್ನು ಕಟ್ಟುವ ಮುಂಚೆ ಚಾಸಿ ನಂಬರ್ ಕೇಳಿ ತಗೊಂಡು, ಹಗಲು ಹೊತ್ತಿನಲ್ಲಿ ಯಾರ್ಡಿಗೆ ಹೋಗಿ ಆ ಕಾರನ್ನೇ ನೋಡಿ. ಟೈರಿನ ಅಂಕಿ, ಓಡಿರುವ ಕಿಲೋಮೀಟರ್, ಸೀಟ್‌ಬೆಲ್ಟಿನ ಒಳಭಾಗ. ಡೆಲಿವರಿ ದಿನ ಇನ್‌ವಾಯ್ಸಿನಲ್ಲಿ ಅದೇ ಚಾಸಿ ನಂಬರ್ ಇಲ್ಲದಿದ್ದರೆ, ಹೂವಿನ ಹಾರ ಹಾಕಿ ಕಾರು ಹೊರಗೆ ತಂದಿದ್ದರೂ ಸರಿ, ಸಹಿ ಹಾಕಬೇಡಿ.